ಕವಿಯ ಕುರ್ಚಿ

ಏಳನೇ ತರಗತಿಗೆ ಪದ್ಯ ಹೇಳಿಕೊಡುವ ಟೀಚರಿಗೆ ತಮ್ಮದೇ ಒಂದು ಪದ್ಧತಿ ಇತ್ತು. ಪದ್ಯ ಓದಿದವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಬೇಕು. ಕೂತ ಗಳಿಗೆಯಿಂದ ಅವರೇ ಕವಿ. ಮಿಕ್ಕವರು ಪ್ರಶ್ನೆ ಕೇಳಬೇಕು, ಕವಿ ಉತ್ತರ ಕೊಡಬೇಕು. ಅರ್ಥ, ಭಾವಾರ್ಥ, ಸಾರಾಂಶ ಎಂದು ಪದ್ಯದ ಜೀವ ಹಿಂಡುವ ಮೇಷ್ಟ್ರುಗಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಮಕ್ಕಳಿಗಂತೂ ಆ ಕುರ್ಚಿ ಎಂದರೆ ಪಂಚಪ್ರಾಣ.

ಆ ದಿನದ ಪದ್ಯ ದೇಶ ಬಿಟ್ಟು ದೇಶಕ್ಕೆ ಬಂದವರದು. ಟೀಚರ್ ಹಿಂದುಮುಂದು ನೋಡದೆ ಹೊಸ ಹುಡುಗಿಯನ್ನು ಕರೆದರು. ಅವಳು ಗಡಿ ದಾಟಿ ಬಂದವಳು, ಶಾಲೆಗೆ ಸೇರಿ ವಾರವೂ ಆಗಿರಲಿಲ್ಲ. ಭಾಷೆ ಒಂದೇ ಆದರೂ ಅವಳು ಬಾಯಿ ಬಿಡುತ್ತಿದ್ದುದು ಹಾಜರಿ ಕೂಗಿದಾಗ ಮಾತ್ರ. ಈ ಪದ್ಯವಾದರೂ ಅವಳನ್ನು ಮಾತಾಡಿಸೀತು ಎಂದು ಟೀಚರ್ ಆಸೆಪಟ್ಟರು. ಆಸೆಯ ಭರದಲ್ಲಿ ಆಟದ ನಿಯಮ ಹೇಳುವುದನ್ನೇ ಮರೆತರು.

ಹುಡುಗಿ ತಡವರಿಸದೆ ಓದಿ, ಕುರ್ಚಿಯ ತುದಿಯಲ್ಲಿ ಕೂತಳು. ಪ್ರಶ್ನೆಗಳು ಶುರುವಾದವು.

"ಊರು ಬಿಡೋವಾಗ ಅತ್ರಾ?"

"ಇಲ್ಲ. ಅಮ್ಮ ಅಳ್ಬೇಡ ಅಂದಿದ್ರು. ತಮ್ಮ ಎದ್ಬಿಡ್ತಿದ್ದ."

"ಯಾರನ್ನ ಬಿಟ್ಟು ಬಂದ್ರಿ?"

"ದೊಡ್ಡಪ್ಪನ್ನ. ಬಾಗಿಲು ಹಾಕ್ಕೊಂಡು ಹಿಂದೇನೇ ಬರ್ತೀನಿ ಅಂದ್ರು. ಇನ್ನೂ ಬಂದಿಲ್ಲ."

ಟೀಚರಿಗೆ ಹಿಗ್ಗೋ ಹಿಗ್ಗು. ಎಷ್ಟು ಚೆನ್ನಾಗಿ ಕವಿಯಾಗಿಬಿಟ್ಟಿದ್ದಾಳೆ! "ಭೇಷ್!" ಎಂದು ಮೇಜು ತಟ್ಟಿದರು. ಒಳ್ಳೆಯ ಮನಸ್ಸಿನವರಿಗೆ ಎದುರಿಗಿದ್ದದ್ದು ಕಾಣಿಸದೆ ಹೋಗುವುದು ಹೊಸದೇನಲ್ಲ.

ಮುಂದಿನ ಬೆಂಚಿನ ವಾಚಾಳಿ ಹುಡುಗಿ ಕೈಯೆತ್ತಿದಳು. "ವಾಪಸ್ ಯಾವಾಗ ಹೋಗ್ತೀರಾ?"

ಹೊಸ ಹುಡುಗಿ ಎದ್ದು ನಿಂತು ಟೀಚರ ಮುಖ ನೋಡಿದಳು. "ಇವತ್ತೇ ಹೋಗ್ಬೇಕಾ ಮಿಸ್? ತಮ್ಮ ಒಂದನೇ ಕ್ಲಾಸಲ್ಲಿದಾನೆ. ಅವನನ್ನೂ ಕರ್ಕೊಂಡು ಹೋಗ್ಲಾ?"

ಟೀಚರಿಗೆ ಆಗ ಅರ್ಥವಾಯಿತು. ಕವಿಯೂ ಇಲ್ಲ, ಆಟವೂ ಇಲ್ಲ. ಹುಡುಗಿ ಇಷ್ಟು ಹೊತ್ತೂ ತನ್ನ ಮನೆಯ ಮಾತೇ ಆಡಿದ್ದಳು. ಮೇಜು ತಟ್ಟಿದ್ದು ನೆನೆದು ಅವರು ನಾಚಿಕೆಯಿಂದ ಕುಗ್ಗಿಹೋದರು. ವಾಚಾಳಿಯೂ ಪಾಪ, ಅಳುಮೋರೆ ಮಾಡಿಕೊಂಡು ಕೂತಿದ್ದಳು.

ಟೀಚರ್ ಆ ಕುರ್ಚಿಯಲ್ಲಿ ತಾವೇ ಕೂತರು. ಆಟವನ್ನು ಬಿಡಿಸಿ ಹೇಳಿದರು, ತಪ್ಪಾಯಿತು ಎಂದೂ ಹೇಳಿದರು. "ಈಗ ನೀನು ಕೇಳಮ್ಮ. ಏನು ಬೇಕಾದ್ರೂ ಕೇಳು."

ಹುಡುಗಿ ನಿಂತಲ್ಲಿಂದಲೇ ಕೇಳಿದಳು. "ನಾವು ಇಲ್ಲೇ ಇರಬಹುದಾ?"

"ಇರಬಹುದು."

"ಇದು ಕವಿ ಹೇಳಿದ್ದಾ, ನೀವು ಹೇಳಿದ್ದಾ?"

ಯಾರು ಇರಬೇಕು, ಯಾರು ಹೋಗಬೇಕು ಎಂದು ಹೇಳುವ ಅಧಿಕಾರವನ್ನು ಪದ್ಯದ ಟೀಚರಿಗೆ ಯಾರು ಕೊಟ್ಟಿದ್ದಾರೆ? ಆದರೂ ಅವರು ಕುರ್ಚಿಯಿಂದ ಎದ್ದು ಬಂದು ಅವಳ ಕೈ ಹಿಡಿದುಕೊಂಡರು. "ನಾನೇ ಹೇಳ್ತಿದೀನಿ."

"ಹಾಗಾದ್ರೆ ಅಮ್ಮಂಗೆ ಹೇಳ್ತೀನಿ," ಎಂದಳು ಹುಡುಗಿ. "ಅವ್ರು ಇನ್ನೂ ಪಾತ್ರೆ ಗಂಟು ಬಿಚ್ಚಿಲ್ಲ."