ಕತ್ತಲೆ ಪೆಟ್ಟಿಗೆಗೆ ಇಟ್ಟ ಹೂವು

ಆಯುಧಪೂಜೆ ಅಂತ ಲ್ಯಾಬಿನೊಳಗೆ ಹೂವು, ಕುಂಕುಮ ತರಕೂಡದೆಂದು ಪ್ರೊಫೆಸರ್ ಸದಾಶಿವಯ್ಯ ಕಟ್ಟಪ್ಪಣೆ ಮಾಡಿದ್ದರು. ಅಟೆಂಡರ್ ಚಿಕ್ಕಬಸವಯ್ಯ ತಲೆಯಾಡಿಸಿದ್ದರು. ಆಡಿಸುವುದಕ್ಕೇನು, ಇಪ್ಪತ್ತೆಂಟು ವರ್ಷದಿಂದ ಆಡಿಸುತ್ತಲೇ ಬಂದಿದ್ದಾರೆ. ಆದರೆ ವಾಚ್‌ಮನ್ ಸೈಕಲ್ಲಿಗೂ ಪೂಜೆಯಾಗಿ, ಸಂಶೋಧನೆಗೆ ಬಂದ ನಯನಾ ಮೇಡಂ ಮೂರು ವರ್ಷ ಬೆವರು ಸುರಿಸಿದ ಪ್ರಯೋಗದ ಪೆಟ್ಟಿಗೆ ಮಾತ್ರ ಬೋಳಾಗಿರುವುದೆಂದರೆ? ಮನಸ್ಸು ಒಪ್ಪಲಿಲ್ಲ. ಶ್ರೀರಾಂಪುರದ ತಮ್ಮ ಮನೆಯಂಗಳದ ಚೆಂಡುಹೂವಿನದೊಂದು ಎಸಳನ್ನು ಮುಚ್ಚಳದ ಹಿಂದಿನ ಸಂದಿಗೆ ಸಿಕ್ಕಿಸಿ, ಯಾರೂ ಇಲ್ಲದ್ದು ನೋಡಿಕೊಂಡು ಕೈಮುಗಿದಿದ್ದರು.

ನಯನಾಳ ಕೆಲಸ ನೋಡುವುದೆಂದರೆ ಅವರಿಗೆ ಹಬ್ಬ. ಕರೆಂಟು ಹರಿಸಬಲ್ಲ ಒಂದು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸಿ, ಗಾಜಿನ ಚೂರಿನ ಮೇಲೆ ಹನಿ ಬಿಟ್ಟು ಗಿರ್ರನೆ ತಿರುಗಿಸುತ್ತಿದ್ದಳು, ಹಿಟ್ಟು ಹುಯ್ದು ದೋಸೆ ಹೆಂಚನ್ನೇ ತಿರುಗಿಸಿದ ಹಾಗೆ. ಕೂದಲಿಗಿಂತ ಎಷ್ಟೋ ತೆಳುವಾದ ಆ ಪದರಕ್ಕೆ ಬೆಳಕು ಬಿದ್ದರೆ ಸಾಕು, ಮೀಟರಿನ ಅಂಕಿ ಏರುತ್ತಿತ್ತು. ಪದರವನ್ನಿಟ್ಟು ಮುಚ್ಚಿದ ಪೆಟ್ಟಿಗೆಯ ಕತ್ತಲೆಯಲ್ಲಿ ಮಾತ್ರ ಅಂಕಿ ಸೊನ್ನೆಯ ಹತ್ತಿರ ಮಲಗಿರಬೇಕು.

ದಸರಾ ರಜೆ ಕಳೆದ ಮೇಲೆ ಅದು ಮಲಗಲೇ ಇಲ್ಲ. ನಯನಾ ನಾಲ್ಕು ದಿನ ವೈರು ಬದಲಾಯಿಸಿ ಸೋತಳು. ಸದಾಶಿವಯ್ಯ ಬಂದು ನೋಡಿದರು.

"ಗಾಳಿ ತಾಗಿ ಪದರ ಕೆಟ್ಟಿದೆ ಕಣಮ್ಮ. ಈ ಪ್ಲಾಸ್ಟಿಕ್ ಬಿಟ್ಟುಬಿಡು, ಬೇರೆಯದರಿಂದ ಶುರುಮಾಡು."

ನಯನಾ ಕನ್ನಡಕ ಒರೆಸಿಕೊಂಡಳು. ಕಸ ಗುಡಿಸುತ್ತಿದ್ದ ಚಿಕ್ಕಬಸವಯ್ಯ ಪೊರಕೆಯನ್ನು ಗೋಡೆಗೆ ಒರಗಿಸಿದರು. ಬಾಯಿ ಬಿಟ್ಟರೆ ಬೈಗುಳ, ಬಿಡದಿದ್ದರೆ ಆ ಹುಡುಗಿಯ ಮೂರು ವರ್ಷ ಮಣ್ಣುಪಾಲು.

"ತಪ್ಪಾಗೋಯ್ತು ಸಾರ್. ಹಬ್ಬದ ದಿನ ಮುಚ್ಚಳದ ಹಿಂದೆ ಹೂವಿನ ಎಸಳು ಇಟ್ಬುಟ್ಟಿದ್ದೆ. ಅದ್ಕೇನಾದ್ರೂ ಇಂಗಾಯ್ತಾ?"

ಪ್ರೊಫೆಸರರ ಮುಖ ಕೆಂಪಾಯಿತು. ನಯನಾ ಆಗಲೇ ಬಗ್ಗಿ, ಬಾಡಿದ ಎಸಳನ್ನು ಚಿಮಟದಿಂದ ಎಳೆದು ಮುಚ್ಚಳ ಒತ್ತಿದ್ದಳು. ಅಂಕಿ ಸರಸರ ಇಳಿದು ಮಲಗಿತು.

"ಪದರ ಕೆಟ್ಟಿಲ್ಲ ಸರ್! ಎಸಳು ಸಿಕ್ಕಿ ಬಿಟ್ಟ ಸಂದಿಯಿಂದ ಟ್ಯೂಬ್‌ಲೈಟಿನ ಬೆಳಕು ಒಳಗೆ ಹೋಗ್ತಿತ್ತು, ಪದರ ಅದನ್ನ ಕಂಡಿದೆ!"

"ಎಸಳಿನಷ್ಟು ಸಂದಿಯಿಂದಲಾ?" ಸದಾಶಿವಯ್ಯ ಮೀಟರಿನತ್ತ ಬಗ್ಗಿದರು. ತಲೆ ತಗ್ಗಿಸಿ ಬೈಗುಳಕ್ಕೆ ಕಾದಿದ್ದ ಚಿಕ್ಕಬಸವಯ್ಯನವರಿಗೆ ಕೇಳಿಸಿದ್ದೇ ಬೇರೆ.

"ರೀ ಚಿಕ್ಕಬಸವಯ್ಯ, ಅದನ್ನ ಇದ್ದ ಜಾಗದಲ್ಲೇ ಇನ್ನೊಂದ್ಸಲ ಇಡಿ."

ಚಿಕ್ಕಬಸವಯ್ಯ ಇಟ್ಟರು. ಅಂಕಿ ಎದ್ದಿತು. ಪ್ರೊಫೆಸರು ಸಂದಿಗೆ ಕಣ್ಣಿಟ್ಟು ನೋಡಿದರು, ಅವರಿಗೇನೂ ಕಾಣಲಿಲ್ಲ. ಎಸಳು ತೆಗೆದರೆ ಮತ್ತೆ ಸೊನ್ನೆ. ಎಂಥ ಕಣ್ಣು ಕೊಟ್ಟಿದ್ದಾಳೆ ಮಾರಾಯ್ತಿ ಆ ಪ್ಲಾಸ್ಟಿಕ್ಕಿಗೆ ಎಂದು ಚಿಕ್ಕಬಸವಯ್ಯ ಒಳಗೊಳಗೇ ಹಿಗ್ಗಿದರು.

"ಕೊಡಿ ಇಲ್ಲಿ" ಅಂದರು ಸದಾಶಿವಯ್ಯ. ಮೂರನೆಯ ಸಲ ಪೆಟ್ಟಿಗೆಗೆ ಹೂವಿಟ್ಟವರು ಅವರೇ.