ಕಂಡಕ್ಟರನ ಗಂಟಲು

"ಕಿವಿಯ ಓಲೆ ಬಿಚ್ಚಿದೀನಿ. ಜೋಪಾನವಾಗಿ ಇಟ್ಕೊಳ್ಳೋಕೆ ಅವರಿಗೆ ಹೇಳಿ ಸಿಸ್ಟರ್."

ನರ್ಸ್ ಸುತ್ತಮುತ್ತ ನೋಡಿದಳು. ಹೇಳಬೇಕಾದ 'ಅವರು' ಮಂಚದ ಪಕ್ಕದ ಸ್ಟೂಲಿನ ಮೇಲೇ ಕೂತಿದ್ದರು. "ನಿಮ್ಮ ಯಜಮಾನ್ರು ಇಲ್ಲೇ ಇದಾರಲ್ಲಮ್ಮ, ನೀವೇ ಕೊಡಿ."

"ಆಯ್ತು, ಇಟ್ಕೊಳ್ತೀನಿ ಅಂತ ಹೇಳಿ," ಎಂದ ಕಂಡಕ್ಟರ್, ಅವನೂ ನರ್ಸಿಗೇ.

ಪಾಪ, ಆ ಹುಡುಗಿಗೇನು ಗೊತ್ತು! ಗಂಡಹೆಂಡತಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಊಟಕ್ಕೆ ಕರೆಯುವುದರಿಂದ ಹಿಡಿದು ನಲ್ಲಿ ಸೋರುವುದರವರೆಗೆ ಮನೆಯ ಎಲ್ಲ ಮಾತೂ ಕಂಡಕ್ಟರನ ತಂಗಿಯ ಮೂಲಕವೇ ದಾಟಬೇಕಿತ್ತು. "ನಾನೇನು ನಿಮ್ಮಿಬ್ಬರ ಟೆಲಿಫೋನಾ?" ಎಂದು ಅವಳು ರೇಗುವುದಿತ್ತು. ಇವತ್ತು ಆ ತಂಗಿ ಕಾಲು ಉಳುಕಿಸಿಕೊಂಡು ಮನೆಯಲ್ಲೇ ಉಳಿದಿದ್ದಳು.

ಅವರಿಗೊಬ್ಬಳು ಮಗಳಿದ್ದಳು. ಸ್ಕೂಲಿಂದ ಹೊಟ್ಟೆ ಹಿಡಿದುಕೊಂಡು ಬಂದವಳನ್ನು ನೋಡಿ "ಗ್ಯಾಸ್ ಅಷ್ಟೆ, ಬಿಸಿನೀರು ಕೊಡು" ಎಂದಿದ್ದ ಕಂಡಕ್ಟರ್. ಮರುದಿನ ಆಸ್ಪತ್ರೆಗೆ ಎತ್ತಿಕೊಂಡು ಹೋದಾಗಲೂ ಸಾಲಿನ ಕೊನೆಗೇ ಹೋಗಿ ಕೂತ. ಬಸ್ಸು ಹತ್ತುವಾಗ ಸಾಲು ಮುರಿದವರನ್ನು ಜೀವಮಾನವಿಡೀ ಗದರಿದ ಮನುಷ್ಯ. "ಮುಂದೆ ಹೋಗಿ ಹೇಳ್ರೀ" ಎಂದು ಹೆಂಡತಿ ಅಂಗಲಾಚಿದರೂ, "ಎಲ್ಲರೂ ಕಾಯ್ತಿದಾರೆ, ನಮ್ಮ ಸರದಿ ಬರಲಿ" ಎಂದ. ಸರದಿ ಬರುವಷ್ಟರಲ್ಲಿ ಒಳಗೆ ಅಪೆಂಡಿಕ್ಸ್ ಒಡೆದಿತ್ತು. ಮಗು ಉಳಿಯಲಿಲ್ಲ.

ಅವತ್ತಿನಿಂದ ಹೆಂಡತಿ ಅವನ ಜೊತೆ ಮಾತಾಡಲಿಲ್ಲ. ಮಾತಾಡಿಸಲು ಅವನಿಗೂ ಮುಖವಿರಲಿಲ್ಲ. ಈಚೆಗೆ ಪಿತ್ತಕೋಶದಲ್ಲಿ ಕಲ್ಲಾಗಿ ಪ್ರಾಣ ಹಿಂಡುತ್ತಿದ್ದರೂ ಯಾರಿಗೂ ಹೇಳದೆ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಒಂದು ದಿನ ಬಾಗಿದವಳು ಮೇಲೇಳಲಾಗದೆ ಹೋದಾಗಲೇ ವಿಷಯ ಹೊರಬಿದ್ದದ್ದು.

ಡಾಕ್ಟರಮ್ಮ ಬಂದು ಮಂಚದ ತುದಿಯಲ್ಲಿ ಕೂತರು. "ಆಪರೇಷನ್ ರೋಬೋಟಿಂದ ಅಂದ್ರೆ ಹೆದರ್ಬೇಡಿ. ಅದು ತಾನಾಗಿ ಏನೂ ಮಾಡಲ್ಲ. ನಾನು ಅದೇ ರೂಮಲ್ಲಿ ಕೂತು, ಒಳಗಿನದನ್ನ ಪರದೇಲಿ ನೋಡ್ತಾ ಕೈ ಆಡಿಸ್ತೀನಿ. ಅದರ ಕೈಗಳೂ ಹಾಗೇ ಆಡ್ತವೆ. ಕೆಲವೇ ಸಣ್ಣ ತೂತು, ಅಷ್ಟೆ."

"ಹೊಲಿಗೆ ಹಾಕೋದೂ ಅದೇನಾ?" ಹೊಲಿದು ಬದುಕುವವಳಿಗೆ ಅದರದೇ ಚಿಂತೆ.

"ಮೇಲಿನ ಹೊಲಿಗೆ ನಾನೇ ಹಾಕೋದು. ನಿಮ್ಮಷ್ಟು ನೀಟಾಗಿ ಬರಲ್ಲ, ಬೈಕೋಬೇಡಿ."

ಅವಳು ನಕ್ಕುಬಿಟ್ಟಳು. ಆ ನಗು ಕಂಡು ಎಷ್ಟು ಕಾಲವಾಯಿತೋ ಎಂದು ಕಂಡಕ್ಟರ್ ಮನಸ್ಸಲ್ಲೇ ಲೆಕ್ಕ ಹಾಕಿದ.

"ಒಳಗೆ ಕೆಲಸ ಮಾಡೋಕೆ ಜಾಗ ಬೇಕಲ್ಲ, ಅದಕ್ಕೆ ಹೊಟ್ಟೆಗೆ ಗ್ಯಾಸ್ ತುಂಬ್ತೀವಿ. ಆಮೇಲೆ ಅದರಿಂದ ಭುಜ ನೋಯಬಹುದು. ಎದ್ದು ಓಡಾಡಿದ್ರೆ ಕಡಿಮೆ ಆಗುತ್ತೆ. ಎಲ್ಲ ಸರಿ ಇದ್ರೆ ನಾಳೆ ಮನೆಗೆ."

ಗ್ಯಾಸ್ ಎಂಬ ಮಾತಿಗೆ ಅವಳ ನಗು ಆರಿಹೋಯಿತು. ಗೋಡೆಯ ಕಡೆ ತಿರುಗಿಕೊಂಡಳು.

ಆಪರೇಷನ್ ಚೆನ್ನಾಗಿಯೇ ಆಯಿತು. ವಾರ್ಡಿಗೆ ತಂದು ಮಲಗಿಸಿದ ಮೇಲೆ, ಮಂಪರು ಇಳಿಯುತ್ತಿದ್ದಂತೆ ಅವಳು ಬಲಭುಜ ಹಿಡಿದುಕೊಂಡು ನರಳತೊಡಗಿದಳು. ಕಂಡಕ್ಟರ್ ಎದ್ದುಬಿದ್ದು ನರ್ಸುಗಳ ಮೇಜಿನ ಕಡೆ ಓಡಿದ. ಅಲ್ಲಿ ನಾಲ್ಕಾರು ಜನ ನಿಂತಿದ್ದರು. ಕಾಲು ಅಭ್ಯಾಸಬಲದಿಂದ ಕೊನೆಯವನ ಹಿಂದೆ ಹೋಗಿ ನಿಂತುಬಿಟ್ಟಿತು. ಅಷ್ಟರಲ್ಲಿ ಮತ್ತೆ ಅವಳ ನರಳಿಕೆ ಕೇಳಿಸಿತು.

"ಸರೀರಿ! ದಾರಿ ಬಿಡ್ರೀ!"

ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುತ್ತಿದ್ದ ದನಿ. ಇಡೀ ವಾರ್ಡು ತಿರುಗಿ ನೋಡಿತು. "ಅವಳಿಗೆ ನೋಯ್ತಿದೆ! ಡಾಕ್ಟರನ್ನ ಕರೀರಿ!"

"ಮೆಲ್ಲಗೆ ಮಾತಾಡಿ ಯಜಮಾನ್ರೇ," ಎಂದಳು ನರ್ಸ್. "ಬೆಳಿಗ್ಗೆನೇ ಹೇಳಿದ್ರಲ್ಲ, ಅದು ಗ್ಯಾಸ್ ಅಷ್ಟೆ..."

"ಗ್ಯಾಸ್ ಅನ್ಬೇಡಿ! ಅದೊಂದು ಮಾತು ಮಾತ್ರ ಆಡ್ಬೇಡಿ! ಮೊದ್ಲು ಬಂದು ನೋಡಿ!"

ಡಾಕ್ಟರಮ್ಮನೇ ಬಂದರು. ಹೊಟ್ಟೆ ಒತ್ತಿ, ನಾಡಿ ಹಿಡಿದು, ಬಿ.ಪಿ. ನೋಡಿದರು. ಎಲ್ಲ ಸರಿಯಾಗಿತ್ತು. ಈ ಸಲ ನಿಜಕ್ಕೂ ಗ್ಯಾಸೇ. "ಕರೆದದ್ದು ತಪ್ಪಲ್ಲ ಬಿಡಿ," ಎಂದು ಅವನಿಗೆ ಹೇಳಿ, ನೋವಿಗೆ ಇಂಜೆಕ್ಷನ್ ಕೊಡಿಸಿ ಹೋದರು.

ಕಂಡಕ್ಟರ್ ಸ್ಟೂಲಿನ ಮೇಲೆ ಕುಸಿದ. ತಲೆ ಎತ್ತಿದರೆ ಹೆಂಡತಿ ಅವನನ್ನೇ ನೋಡುತ್ತಿದ್ದಳು.

"ಅವತ್ತು ಈ ಗಂಟಲು ಎಲ್ಲಿ ಹೋಗಿತ್ತು ನಿಮ್ದು?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡಳು.

ಸಂಜೆ ನರ್ಸ್ ಬಂದು, "ಏಳಿ ಅಮ್ಮ, ಸ್ವಲ್ಪ ಓಡಾಡಿ, ಭುಜ ಹಗುರ ಆಗುತ್ತೆ," ಎಂದು ಮೆಲ್ಲಗೆ ಎಬ್ಬಿಸಿ ನಿಲ್ಲಿಸಿದಳು. ಹೆಂಡತಿ ನೆಲದತ್ತ ನೋಡಿದಳು.

"ಚಪ್ಪಲಿ ಎಡಬಲ ಅದಲುಬದಲಾಗಿದೆ, ನೋಡಿ."

ನರ್ಸ್ ಬಗ್ಗಲು ಹೋದಳು.

"ನಿಮಗಲ್ಲ ಸಿಸ್ಟರ್. ಅವರಿಗೆ ಹೇಳಿದ್ದು."

ಕಂಡಕ್ಟರ್ ಮೊಣಕಾಲೂರಿ ಕೂತು, ಚಪ್ಪಲಿ ಸರಿಮಾಡಿ, ಒಂದೊಂದಾಗಿ ಅವಳ ಕಾಲಿಗೆ ತೊಡಿಸಿದ. ತೊಡಿಸಿಯಾದ ಮೇಲೂ ಏಳಲಿಲ್ಲ. ತಲೆ ತಗ್ಗಿಸಿ ಕೂತೇ ಇದ್ದ, ಹೆಗಲು ಮಾತ್ರ ಅಲುಗುತ್ತಿತ್ತು. ಅವಳು ಒಂದು ಕೈಯಲ್ಲಿ ಡ್ರಿಪ್ಪಿನ ಕಂಬ ಹಿಡಿದುಕೊಂಡು, ಅವನು ಏಳಲೆಂದು ಕಾಯುತ್ತ ನಿಂತಳು.