ಬೀರಪ್ಪನ ಮೀಸಲು ಗೇರು

ಈಗಲೇ ಹೇಳಿದರೆ ಅಣ್ಣ ಗಾಡಿ ನಿಲ್ಲಿಸುತ್ತಾನೆ. ಮುಧೋಳ ದಾಟಿದ ಮೇಲೆ ಹೇಳಿದರೆ ಅವ್ವ ಅಳುತ್ತಾಳೆ. ಹಿನ್ನೀರಿನ ಕೆಸರಿನ ಮುಂದೆ ನಿಂತು ಹೇಳಿದರೆ ಇಬ್ಬರೂ ಸೇರಿ ನನ್ನನ್ನು ಅದೇ ಕೆಸರಿಗೆ ತಳ್ಳುತ್ತಾರೆ. ಹೇಳದೇ ಇದ್ದರೆ? ಆಗ ಗಾಡಿಯೇ ಹೇಳುತ್ತದೆ. ಆದರೆ ಗಾಡಿ ಹೇಳುವುದಕ್ಕೂ ನಾನು ಹೇಳುವುದಕ್ಕೂ ವ್ಯತ್ಯಾಸವಿದೆಯಲ್ಲ. ಗಾಡಿಯನ್ನು ಯಾರೂ ಬಿ.ಎ. ಓದಿಸಿಲ್ಲ.

ನೈವೇದ್ಯದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಗುರುಪಾದ ಹೀಗೆ ಯೋಚಿಸುತ್ತಿದ್ದಾಗ ಗಾಡಿ ಇನ್ನೂ ಚಿಮ್ಮಡದ ಮನೆಯ ಮುಂದೆಯೇ ನಿಂತಿತ್ತು. ಅವನ ತಾಯಿ ತಾಯವ್ವ ಹತ್ತುತ್ತಿದ್ದಳು. ಅದೇ ಒಂದು ದೊಡ್ಡ ಕೆಲಸ. ಗಾಡಿ ಎತ್ತರದ್ದು, ಅವಳ ಮೊಣಕಾಲು ಹಳೆಯವು. ಮೊದಲು ಮಣೆ, ಮಣೆಯ ಮೇಲೆ ಬಲಗಾಲು, ಬಾಯಲ್ಲಿ ಬೀರಪ್ಪ ದೇವರ ಹೆಸರು, ಆಮೇಲೆ ಹಿಂದಿನಿಂದ ಹಿರಿಯ ಸೊಸೆ ಸುವರ್ಣಾಳ ಎರಡೂ ಕೈ.

“ಜೋರ್ ದಬ್ಬಬ್ಯಾಡ ಬೇ, ಆ ಕಡೆ ಬಾಗಲದಾಗಿಂದ ಬೀಳ್ತೇನಿ!”

“ದಬ್ಬಲಿಲ್ಲಂದ್ರ ಈ ಕಡೆ ಬೀಳ್ತೀರಿ ಅತ್ತಿ. ಯಾವ ಕಡೆ ಬೀಳವ್ರು, ಮೊದಲ ಹೇಳ್ರಿ.”

ಸ್ಟೇರಿಂಗಿನ ಹಿಂದೆ ಕೂತಿದ್ದ ಅಣ್ಣ ಕಾಮಣ್ಣ ಹಾರ್ನ್ ಹಾಕಿದ. ದಾರಿಯಲ್ಲಿ ಯಾರೂ ಇರಲಿಲ್ಲ. ಹೊರಡುವ ಮೊದಲು ಊರಿಗೆ ತಿಳಿಸುವುದು ಅವನ ರೂಢಿ.

ಎರಡು ವರ್ಷದ ಹಿಂದೆ ಕಾಮಣ್ಣ ಈ ಹಳೆಯ ಜೀಪು ಗಾಡಿಯನ್ನು ಮುಧೋಳದ ಒಬ್ಬ ಗುತ್ತಿಗೆದಾರನಿಂದ ಕೊಂಡಿದ್ದ. ದೊಡ್ಡ ಗೇರಿನ ಹಿಡಿಕೆಯ ಪಕ್ಕದಲ್ಲಿ ಇನ್ನೊಂದು ಗಿಡ್ಡ ಗೇರು ಇತ್ತು. “ಇದನ್ನ ಹಾಕಿದ್ರ ನಾಕೂ ಗಾಲಿ ಎಳಿತಾವ್ರಿ. ಕೆಸರಿರ್ಲಿ, ಉಸುಕಿರ್ಲಿ, ಆನಿ ಹೋದಂಗ ಹೋಗ್ತೈತಿ” ಎಂದು ಗುತ್ತಿಗೆದಾರ ಹೇಳಿದ. ಕಾಮಣ್ಣ ತಮ್ಮನ ಕಡೆ ತಿರುಗಿದ.

“ಗುರು, ನೀ ಓದಿದಾವ ಅದಿ. ಕೆಳಗ ಬಗ್ಗಿ ಒಮ್ಮೆ ನೋಡು.”

ಕಾಮಣ್ಣ ಏಳನೆಯ ತರಗತಿಗೆ ಶಾಲೆ ಬಿಟ್ಟು ಕುರಿ ಕಾಯ್ದದ್ದರಿಂದಲೇ ಗುರುಪಾದ ಓದಿದವನಾಗಿದ್ದ. ಬನಹಟ್ಟಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ಮನೆಯಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ಔಷಧದ ಬಾಟಲಿಯವರೆಗೆ ಎಲ್ಲವೂ ಅವನ ಕಣ್ಣಿನ ಕೆಳಗೆ ಹಾಯ್ದು ಹೋಗಬೇಕಿತ್ತು. ಅವನು ಓದಿದ್ದು ತತ್ವಶಾಸ್ತ್ರ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವನು ಕರವಸ್ತ್ರ ಹಾಸಿ, ಮೊಣಕಾಲೂರಿ, ಗಾಡಿಯ ಕೆಳಗೆ ನೋಡಿದ. ಅಲ್ಲಿ ಕತ್ತಲೆಯಿತ್ತು, ಬಹಳಷ್ಟು ಕಬ್ಬಿಣವಿತ್ತು. ಇದ್ದ ಕಬ್ಬಿಣವೆಲ್ಲ ಅವನಿಗೆ ಬೇಕಾದದ್ದೇ ಅನ್ನಿಸಿತು. ಎದ್ದು ನಿಂತು ಹೇಳಿದ: “ಎಲ್ಲಾ ಛಲೋ ಐತಿ.”

ಗಾಡಿ ಮನೆಗೆ ಬಂದಾಗ ತಾಯವ್ವ ಅದರ ಹಣೆಗೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ, ಒಳಗೆ ಇಣುಕಿದಳು.

“ಈ ಗಿಡ್ಡಂದು ಏನೋ?”

“ಅದು ನಾಕ ಗಾಲೀದು ಬೇ. ಕೆಸರಾಗ ಸಿಕ್ರ ಹಾಕೂದು.”

“ಡಾಂಬರ ಮ್ಯಾಲ ಬೇಕಾಗೂದಿಲ್ಲ?”

“ಇಲ್ಲ. ಎರಡ ಸಾಕು.”

“ಹಂಗಾರ ಇದನ್ನ ಯಾರೂ ಮುಟ್ಟಬ್ಯಾಡ್ರಿ. ಇದು ಬೀರಪ್ಪಗ ಮೀಸಲು.”

ಆ ಮನೆಯಲ್ಲಿ ಇದು ವಿಚಿತ್ರವಾದ ಮಾತಾಗಿರಲಿಲ್ಲ. ಈದ ಕುರಿಯ ಮೊದಲ ಹಾಲು, ಹೊಲದ ಮೊದಲ ತೆನೆ ದೇವರಿಗೆ ಮುಟ್ಟುವ ತನಕ ಮನೆಯವರು ಬಾಯಿಗೆ ಹಾಕುತ್ತಿರಲಿಲ್ಲ. ಮೀಸಲು ಎಂದರೆ ಅದೇ. ತಾಯವ್ವನ ಬೀರಪ್ಪ ಇದ್ದದ್ದು ಬೀಳಗಿ ಕಡೆಯ ಅವಳ ತವರೂರಿನಲ್ಲಿ. ಆಣೆಕಟ್ಟಿನ ಹಿನ್ನೀರಿಗೆ ಊರು ಹೋಯಿತು, ಜನ ಹೊಸ ಊರಿಗೆ ಹೋದರು, ದಿಬ್ಬದ ಮೇಲಿನ ಗುಡಿ ಮಾತ್ರ ಉಳಿಯಿತು. ಹೊಸ ಊರಿನಲ್ಲಿ ಹೊಸ ಗುಡಿ ಕಟ್ಟಿದರೂ ಅವಳು ಒಪ್ಪಲಿಲ್ಲ. “ಮಂದೀನ ಎಬ್ಬಿಸ್ಯಾರ. ದೇವರು ಎದ್ದಿಲ್ಲ” ಎನ್ನುತ್ತಿದ್ದಳು. ಬೇಸಿಗೆಯಲ್ಲಿ ನೀರು ಇಳಿದಾಗ ಕೆಸರು ದಾಟಿ ಅಲ್ಲಿಗೆ ಹೋಗಬಹುದಿತ್ತು, ಆದರೆ ನಡೆದು. ಅವಳು ನಡೆಯಲಾರದೆ ಆರು ವರ್ಷವಾಗಿತ್ತು. ಕಾಮಣ್ಣ ನಾಲ್ಕು ಗಾಲಿ ಎಳೆಯುವ ಗಾಡಿಯನ್ನೇ ಹುಡುಕಿದ್ದು ಇದಕ್ಕಾಗಿ. ಅವಳು ಕಂಬಳಿಯ ಅಂಚಿನಿಂದ ಕರಿ ಉಣ್ಣೆಯ ಎಳೆ ಕಿತ್ತು ಗಿಡ್ಡ ಗೇರಿಗೆ ಮೂರು ಸುತ್ತು ಕಟ್ಟಿದಳು.

ಮೊದಲ ಬೇಸಿಗೆ ಅವಳು ಆಸ್ಪತ್ರೆಯಲ್ಲಿದ್ದಳು. ಹೀಗಾಗಿ ಮೀಸಲು ಮುಂದೆ ಹೋಯಿತು, ಗಾಡಿಯ ಸಂಸಾರ ಸಾಗಿತು. ಕಾಮಣ್ಣ ಹಿಂದಿನ ಬಾಗಿಲಿನ ಮೇಲೆ ಕೆಂಪು ಅಕ್ಷರದಲ್ಲಿ ‘ನಾಲ್ಕು ಗಾಲಿ’ ಎಂದು ಬರೆಸಿದ. ರಬಕವಿಯ ಲಗ್ನಕ್ಕೆ ಹದಿನಾಲ್ಕು ಮಂದಿ ಅದರಲ್ಲಿ ಹೋದರು. ಹದಿಮೂರು ಮಂದಿ ಮರಳಿ ಬಂದರು. ಉಳಿದವನನ್ನು ತರಲು ಮತ್ತೊಮ್ಮೆ ಹೋಗಬೇಕಾಯಿತು. ಕಾಮಣ್ಣ ಅದರಲ್ಲಿ ಕುರಿಗಳನ್ನೂ ಮಹಾಲಿಂಗಪುರಕ್ಕೆ ಒಯ್ಯುತ್ತಿದ್ದ. ತವರಿಗೆ ಹೋದಾಗ ರೇಷ್ಮೆ ಸೀರೆಯ ನೆರಿಗೆಯಿಂದ ಕುರಿಹಿಕ್ಕೆ ಉದುರಿದ ದಿನ ಸುವರ್ಣಾ ಮೂರು ಹೊತ್ತು ಯಾರೊಂದಿಗೂ ಮಾತಾಡಲಿಲ್ಲ. ಆ ಮೌನವನ್ನು ಗುರುಪಾದ ಒಳಗೊಳಗೇ ಮೆಚ್ಚಿದ್ದ.

ಮಳೆಗಾಲದಲ್ಲಿ ಕಬ್ಬಿನ ಹೊಲದ ದಾರಿಯಲ್ಲಿ ಗಾಡಿ ಹುಗಿದುಕೊಂಡಾಗ ಹಾಸ್ಯ ಶುರುವಾಯಿತು.

“ಗಿಡ್ಡ ಗೇರ ಹಾಕೋ ಕಾಮಣ್ಣಾ!” ಎಂದು ಜನ ಕೂಗಿದರು.

“ಹಾಕೂಹಂಗಿಲ್ಲ. ಮೀಸಲೈತಿ.”

ಎತ್ತು ಕಟ್ಟಿ ಎಳೆದರು. ಮರುದಿನ ಚಹಾದಂಗಡಿಯ ಚನಮಲ್ಲಪ್ಪ ತುಂಬಿದ ಅಂಗಡಿಯಲ್ಲಿ ಹೇಳಿದ: “ಕಾಮಣ್ಣಾ, ನಿನ್ನ ಗಾಡಿ ಮುಂದಿನ ಗಾಲಿ ನಿಮ್ಮ ಗುರುಪಾದ ಇದ್ದಂಗ ಅದಾವ ನೋಡು. ಎಲ್ಲಾ ಕಡೆ ಕೂಡ ಬರ್ತಾವ, ಸುಮ್ಮನ ತಿರಗತಾವ, ಜಗ್ಗೂದು ಮಾತ್ರ ಇಲ್ಲ!”

ಎಲ್ಲರೂ ನಕ್ಕರು. ಗುರುಪಾದನೂ ನಕ್ಕ. ಅದು ಎಷ್ಟು ನಿಜ ಎಂಬುದು ಅವನಿಗೆ ದಸರೆಯ ಹೊತ್ತಿಗೆ ತಿಳಿಯಿತು.

ಗ್ರೀಸ್ ಹಾಕಿಸಲು ಅವನೇ ಗಾಡಿಯನ್ನು ಮುಧೋಳದ ಗ್ಯಾರೇಜಿಗೆ ಒಯ್ದಿದ್ದ. ಮೇಸ್ತ್ರಿ ವಿಠೋಬಾ ಗುಂಡಿಗೆ ಇಳಿದು, ಕೆಳಗಿನಿಂದಲೇ ಕೇಳಿದ: “ಸರ, ಮುಂದಿನ ಶಾಫ್ಟ್ ಎಲ್ಲೈತ್ರಿ?”

“ಎಲ್ಲಿರ್ತೈತಿ?”

“ಇಲ್ಲಿ ಇರ್ತೈತ್ರಿ” ಎಂದು ವಿಠೋಬಾ ಖಾಲಿ ಜಾಗದಲ್ಲಿ ಕೈಯಾಡಿಸಿ ತೋರಿಸಿದ.

ಎಂಜಿನ್ನಿನ ಬಲವನ್ನು ಮುಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಕಬ್ಬಿಣದ ಕೋಲು ಅದು. ಡೀಸೆಲ್ ಉಳಿಯಲಿ ಎಂದು ಕೆಲವರು ಬಿಚ್ಚಿಸಿಬಿಡುತ್ತಾರಂತೆ. “ಗೇರು ಬೀಳ್ತೈತ್ರಿ, ದೀಪಾ ಹತ್ತತೈತ್ರಿ. ಮುಂದಿನ ಗಾಲಿ ಅಷ್ಟ ಎಳಿಯೂದಿಲ್ಲ.”

ಗುರುಪಾದ ಗುಂಡಿಗೆ ಇಳಿದು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಕಾಲೇಜಿನಲ್ಲಿ ಒಂದು ಇಡೀ ಪಾಠ ಓದಿದ್ದ. ಗಡಿಗೆ ಏನೆಂದು ಗೊತ್ತಿದ್ದವನಿಗೆ ಮಾತ್ರ ಅದು ಇಲ್ಲದ್ದು ಕಾಣುತ್ತದೆ ಎಂದು ಬರೆದು ಒಳ್ಳೆಯ ಅಂಕ ಪಡೆದಿದ್ದ.

“ಅಣ್ಣಗ ಹೇಳಬ್ಯಾಡ. ನಾನ ಹೇಳ್ತೇನಿ” ಎಂದ.

ವಿಠೋಬಾ ಹಳೆಯ ಶಾಫ್ಟೊಂದನ್ನು ಹುಡುಕಿ ಇಡುತ್ತೇನೆಂದ. ಹಾಕಲು ಅರ್ಧ ದಿನ ಸಾಕು. ಆದರೆ ಆ ಅರ್ಧ ದಿನ ಗಾಡಿ ಕೇಳಬೇಕಾದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳಬೇಕಾದರೆ ‘ಎಲ್ಲಾ ಛಲೋ ಐತಿ’ ಎಂದವನು ಯಾರು ಎಂಬ ಮಾತು ಬರುತ್ತದೆ. ಅಣ್ಣ ಬಯ್ಯುವುದಿಲ್ಲ. ಅದೇ ಕಷ್ಟ. ಇನ್ನು ಮುಂದೆ ಲಗ್ನಪತ್ರಿಕೆಯನ್ನು ಅವನ ಕೈಗೆ ಕೊಟ್ಟು, ಆಮೇಲೆ ಇನ್ನೊಬ್ಬರ ಹತ್ತಿರವೂ ಒಮ್ಮೆ ಓದಿಸುತ್ತಾನೆ, ಅಷ್ಟೇ. ದಸರೆಯಿಂದ ಬೇಸಿಗೆಯವರೆಗೆ ಗುರುಪಾದ ಹನ್ನೊಂದು ಸಲ ಬಾಯಿ ತೆರೆದ. ಹನ್ನೊಂದು ಸಲವೂ ಉಪ್ಪು ಕೇಳಿದ.

ಇವತ್ತು ಗುಡಿಗೆ ಹೊರಟ ದಾರಿಯಲ್ಲಿ, ಮುಧೋಳದಲ್ಲಿ ಕಾಮಣ್ಣ ಗಾಲಿಗೆ ಗಾಳಿ ಹಾಕಿಸಲು ನಿಲ್ಲಿಸಿದ. ನಿಲ್ಲಿಸಿದ್ದು ವಿಠೋಬಾನ ಗ್ಯಾರೇಜಿನ ಪಕ್ಕದಲ್ಲೇ. ಗುರುಪಾದ ಬುಟ್ಟಿಯ ಹಿಂದೆ ಕುಗ್ಗಿದ. ವಿಠೋಬಾ ಕೈ ಒರೆಸಿಕೊಳ್ಳುತ್ತ ಕಿಟಕಿಗೇ ಬಂದ.

“ಸರ, ನಿಮ್ಮ ಸಾಮಾನ ಬಂದು ಏಳ ತಿಂಗಳಾತ್ರಿ. ಬಿದ್ದ ಬಿದ್ದ ತುಕ್ಕ ಹಿಡ್ಯಾಕತ್ತೈತಿ.”

“ಯಾವ ಸಾಮಾನೋ ಗುರು?” ಎಂದ ಕಾಮಣ್ಣ.

“ಪುಸ್ತಕ.”

“ಪುಸ್ತಕಕ್ಕ ತುಕ್ಕ ಹಿಡೀತೈತಿ?”

“ಹಿಡೀತೈತಿ ತಗೋ” ಎಂದಳು ತಾಯವ್ವ. “ಇವನ ಪುಸ್ತಕ ನೋಡೀಯಿಲ್ಲೋ, ಇಟ್ಟಿಗಿ ಇದ್ದಂಗ ಅದಾವ.”

ವಿಠೋಬಾ ಒಮ್ಮೆ ಗುರುಪಾದನ ಮುಖ ನೋಡಿದ, ಒಮ್ಮೆ ಗಾಡಿಯ ಮುಂದಿನ ಗಾಲಿ ನೋಡಿದ, ತಲೆಯಾಡಿಸುತ್ತ ಒಳಗೆ ಹೋದ.

ಬೀಳಗಿಯ ಆಚೆ ಡಾಂಬರು ಮುಗಿಯಿತು. ನೀರು ಇಳಿದ ಬಯಲಿನಲ್ಲಿ ಕುರಿಗಳು ಹಸಿ ಹುಲ್ಲು ಮೇಯುತ್ತಿದ್ದವು. ಎದುರಿಗೆ ದಿಬ್ಬ, ದಿಬ್ಬದ ಮೇಲೆ ಕಲ್ಲಿನ ಗುಡಿ. ನಡುವೆ ಎರಡು ಹೊಲದಷ್ಟು ಅಗಲದ ಕರಿ ಕೆಸರು. ಮೇಲೆ ಒಣಗಿ ಬಿರುಕು ಬಿಟ್ಟಿತ್ತು, ಒಳಗೆ ಹಾಗಿರಲಿಲ್ಲ.

ಗುಡಿಯ ಪೂಜಾರಿ ಗಿರಿಮಲ್ಲಪ್ಪ ದಿಬ್ಬದಿಂದಲೇ ಕೂಗಿದ: “ಗಾಡಿ ಅಲ್ಲೇ ಬಿಡ್ರಿ! ಹುಗೀತೈತಿ!”

“ಇದು ನಾಕ ಗಾಲೀದೈತ್ರಿ!” ಎಂದು ಕಾಮಣ್ಣ ಕೂಗಿದ. ಎರಡು ವರ್ಷದಿಂದ ಈ ಮಾತಿಗೆ ಕಾದಿದ್ದವನ ದನಿ ಅದು.

ತಾಯವ್ವ ಸೆರಗು ಹೊದ್ದುಕೊಂಡು, ಗಿಡ್ಡ ಗೇರಿನ ಉಣ್ಣೆಯ ಎಳೆ ಬಿಚ್ಚಿ ಕಣ್ಣಿಗೊತ್ತಿಕೊಂಡಳು. ಗೇರಿನ ಮೇಲೆ ಭಂಡಾರ ಎರಚಿದಳು. ಅರ್ಧ ಕಾಮಣ್ಣನ ಮೂಗಿಗೆ ಹೋಯಿತು. “ಬೀರಪ್ಪಾ, ನಿಂದು ನಿನಗ ಮುಟ್ಟಿತು” ಎಂದಳು.

ಕಾಮಣ್ಣ ಸೀನುತ್ತಲೇ ಗೇರು ಹಾಕಿದ. ಮುಂದೆ ಹಸಿರು ದೀಪ ಹತ್ತಿತು.

“ಅಣ್ಣಾ” ಎಂದ ಗುರುಪಾದ.

“ಏನೋ?”

ಹನ್ನೆರಡನೆಯ ಸಲ. ಇಲ್ಲಿ ಉಪ್ಪು ಕೇಳುವಂತಿರಲಿಲ್ಲ.

“ಸಾವಕಾಶ ಹೋಗು.”

ಗಾಡಿ ಇಪ್ಪತ್ತು ಮಾರು ಹುರುಪಿನಿಂದ ಹೋಯಿತು. ಆಮೇಲೆ ಹಿಂಭಾಗ, ದಣಿದ ಎಮ್ಮೆ ಕೂರುವ ಹಾಗೆ, ನಿಧಾನವಾಗಿ ಕೂತಿತು. ಕಾಮಣ್ಣ ಕೆಳಗಿಳಿದು ತಮ್ಮನನ್ನು ಸ್ಟೇರಿಂಗಿಗೆ ಕೂರಿಸಿ, “ರೇಸ್ ಮಾಡು” ಎಂದ. ಹಿಂದಿನ ಗಾಲಿಗಳು ಕೆಸರನ್ನು ಸುವರ್ಣಾ ಕೂತ ಕಿಟಕಿಯವರೆಗೆ ಚಿಮ್ಮಿಸಿದವು. ಮುಂದಿನವು ಕನ್ಯೆ ನೋಡಲು ಬಂದ ಬೀಗರ ಹಾಗೆ ಸ್ವಚ್ಛವಾಗಿ, ಗಂಭೀರವಾಗಿ ಕೂತಿದ್ದವು. ಕಾಮಣ್ಣ ಕಿಟಕಿಗೆ ಬಂದ.

“ಗುರು, ಗೇರ ಬಿದ್ದೈತಿ?”

“ಬಿದ್ದೈತಿ.”

“ದೀಪಾ ಹತ್ತೈತಿ?”

“ಹತ್ತೈತಿ.”

“ಮತ್ತ ಗಾಲಿಗೇನ ಧಾಡಿಯಾಗೈತೋ?”

ಅಣ್ಣನ ಮುಖದಲ್ಲಿ ಸಿಟ್ಟಿರಲಿಲ್ಲ. ಓದಿದವನು ಉತ್ತರ ಹೇಳುತ್ತಾನೆಂಬ ನಂಬಿಕೆಯಿತ್ತು. ಹುಬ್ಬಿಗೆ ಭಂಡಾರ ಮೆತ್ತಿತ್ತು. ಗುರುಪಾದ ಎಂಜಿನ್ ಬಂದ್ ಮಾಡಿದ.

“ಅಣ್ಣಾ, ತಪ್ಪು ನಂದು. ಆವತ್ತ ನಾ—”

“ಸುಮ್ಮನಿರ್ರಿ ಇಬ್ರೂ” ಎಂದಳು ತಾಯವ್ವ. ಅವಳು ಕೈಮುಗಿದುಕೊಂಡಿದ್ದಳು. “ಬೀರಪ್ಪ ತಗೊಂಡ.”

“ಏನ ತಗೊಂಡ?”

“ಮುಂದಿನ ಗಾಲೀದ ಜೋರು. ಮೀಸಲು ಮುಟ್ಟಿತು ಅಂದೆ, ತಗೊಂಡ. ದೇವರಿಗಿ ಹಾಲ ಎರದ ಮ್ಯಾಲ ಗಡಿಗ್ಯಾಗ ಹಾಲ ಹುಡಕ್ತಾರೇನೋ, ಹುಚ್ಚಪ್ಪಗಳಿರಾ?”

ಕಾಮಣ್ಣ ಗಾಲಿಗಳನ್ನು ನೋಡಿದ. ಗುಡಿಯನ್ನು ನೋಡಿದ. ಅವನ ಮುಖ ನಿಧಾನವಾಗಿ ಅರಳಿತು. ಊರಿಗೆ ಹೋಗಿ ಹೇಳಲು ಇದು ಕೆಸರು ದಾಟಿದ್ದಕ್ಕಿಂತ ದೊಡ್ಡ ಮಾತಾಗಿತ್ತು.

“ಪುಣ್ಯಾ” ಎಂದಳು ಸುವರ್ಣಾ, ಮುಖದ ಕೆಸರು ಒರೆಸಿಕೊಳ್ಳುತ್ತ. “ಹಿಂದಿನ ಎರಡನ್ನಾದ್ರೂ ಬಿಟ್ಟಾನ. ಮನಿಗಿ ಹೋಗಾಕ ಬೇಕಲ್ಲ.”

ಅಷ್ಟರಲ್ಲಿ ಗಿರಿಮಲ್ಲಪ್ಪ ಕುರಿ ಕಾಯುವವರನ್ನು ಕರೆದುಕೊಂಡು ಬಂದಿದ್ದ. ತಾಯವ್ವ ಹೇಳಿದ್ದನ್ನು ಕೇಳಿ ಗಾಡಿಗೆ ಕೈಮುಗಿದ. ಮುದುಕಿಯನ್ನು ಹೊತ್ತು ಒಯ್ಯೋಣ ಎಂದು ಯಾರೋ ಅಂದರು. ತಾಯವ್ವ ಬಾಗಿಲಿನ ಹಿಡಿಕೆ ಬಿಡಲಿಲ್ಲ. “ಗಾಡ್ಯಾಗ ಬರ್ತೇನಿ ಅಂತ ಹೇಳೇನಿ, ಗಾಡ್ಯಾಗ ಬರಾಕಿ.”

“ಅರ್ಧ ದೇವರ ಪಾಲಾದ ಗಾಡಿ” ಎಂದ ಗಿರಿಮಲ್ಲಪ್ಪ. “ಕಂಬಳಿ ಮ್ಯಾಲ ಬರಲಿ.”

ತನ್ನ ಹೆಗಲ ಕಂಬಳಿ ತೆಗೆದು ಮೊದಲು ಅವನೇ ಹಿಂದಿನ ಗಾಲಿಯ ಮುಂದೆ ಹಾಸಿದ. ಉಳಿದವರೂ ಹಾಸಿದರು. ಒರಟು ಉಣ್ಣೆಯ ಮೇಲೆ ಗಾಲಿಗೆ ಹಿಡಿತ ಸಿಕ್ಕಿತು. ಹತ್ತು ಮಂದಿ ತಳ್ಳಿದರು. ದಾಟಿದ ಕಂಬಳಿಯನ್ನು ಎತ್ತಿ ಮತ್ತೆ ಮುಂದೆ ಹಾಸಿದರು. ಹೀಗೆ ಎಂಟು ಕಂಬಳಿಗಳ ಮೇಲೆ, ಚಾಂಗಭಲೋ ಎಂಬ ಕೂಗಿನ ನಡುವೆ, ತಾಯವ್ವ ಗುಡಿಯ ಬಾಗಿಲಿಗೆ ಗಾಡಿಯಲ್ಲೇ ಹೋದಳು. ಇಳಿಯುವಾಗ ಮಣೆ ಸಿಗಲಿಲ್ಲ, ಅದು ಚಿಮ್ಮಡದ ಅಂಗಳದಲ್ಲೇ ಉಳಿದಿತ್ತು. ಗುರುಪಾದ ಕೈ, ಮೊಣಕಾಲು ಊರಿ ಬಗ್ಗಿದ, ಅವಳು ಅವನ ಬೆನ್ನಿನ ಮೇಲೆ ಕಾಲಿಟ್ಟು ಇಳಿದಳು. ಎರಡು ವರ್ಷದಲ್ಲಿ ಆ ಗಾಡಿಗೆ ಅವನಿಂದಾದ ಮೊದಲ ಉಪಯೋಗ ಅದು ಎಂದು ಅವನಿಗೆ ಅನ್ನಿಸಿತು.

ಮರುದಿನ ಕಾಮಣ್ಣ ತಾನಾಗಿಯೇ, “ಮುಧೋಳಕ್ಕ ಒಯ್ದು ತೊಳಿಸಿಕೊಂಡ ಬಾ” ಎಂದು ಕೀಲಿ ಕೊಟ್ಟ. ಎಂಟು ತಿಂಗಳು ಕೇಳಲಾರದ ಅರ್ಧ ದಿನ ಹೀಗೆ ಸಿಕ್ಕಿತು. ವಿಠೋಬಾ ತುಕ್ಕು ಉಜ್ಜಿ ಶಾಫ್ಟ್ ಕೂರಿಸಿದ. ಗಾಡಿಯನ್ನು ಎತ್ತಿ ನಿಲ್ಲಿಸಿ ಗಿಡ್ಡ ಗೇರು ಹಾಕಿದ. ನಾಲ್ಕೂ ಗಾಲಿಗಳು ಒಟ್ಟಿಗೆ ತಿರುಗಿದವು. ಗುರುಪಾದ ಅವು ನಿಲ್ಲುವ ತನಕ ನೋಡುತ್ತ ನಿಂತ.

ಮನೆಗೆ ಬಂದಾಗ ತಾಯವ್ವ ಉಣ್ಣೆಯ ಎಳೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಈ ಸಲ ಮೂರಲ್ಲ, ಏಳು ಸುತ್ತು ಕಟ್ಟಿ ಗಂಟು ಹಾಕಿದಳು. ಮೊದಲು ದೇವರಿಗೆ ಮೀಸಲಾಗಿದ್ದ ಗೇರು ಈಗ ದೇವರದೇ ಆಗಿತ್ತು. ಇನ್ನು ಮುಂದೆ ಯಾರೂ ಅದನ್ನು ಎಂದೆಂದಿಗೂ ಮುಟ್ಟುವಂತಿರಲಿಲ್ಲ.

ಆಮೇಲೆ ಗಾಡಿ ಐದು ವರ್ಷ ಅವರ ಮನೆಯಲ್ಲಿತ್ತು. ಹುಗಿದುಕೊಂಡಾಗಲೆಲ್ಲ ಕಂಬಳಿ ಹಾಸಿದರು. ಚಹಾದಂಗಡಿಯಲ್ಲಿ ಕಾಮಣ್ಣ ಈ ಕಥೆ ಹೇಳುತ್ತಿದ್ದ. ಮುಂದಿನ ಗಾಲಿ ಸನ್ಯಾಸ ತಗೊಂಡ್ವು ಎಂದು ಚನಮಲ್ಲಪ್ಪ ನಗುತ್ತಿದ್ದ, ಆದರೆ ಗಾಡಿಯ ಮುಂದೆ ಹಾಯುವಾಗ ಚಪ್ಪಲಿ ಬಿಡುತ್ತಿದ್ದ. ಲಗ್ನಪತ್ರಿಕೆಗಳು ಮೊದಲಿನಂತೆ ಗುರುಪಾದನ ಕೈಗೇ ಬಂದವು.

ಒಂದು ಸಂಜೆ ಬನಹಟ್ಟಿಯಿಂದ ಬರುವಾಗ ಕಾಮಣ್ಣ ಕೇಳಿದ: “ಗುರು, ಆವತ್ತ ಕೆಸರಾಗ ತಪ್ಪು ನಂದು ಅಂದಿದ್ದೆಲ್ಲ, ಏನದು?”

“ಏನಿಲ್ಲಣ್ಣಾ. ಅವ್ವ ಹತ್ತೂ ಮಣಿ ಮರತ ಬಂದಿದ್ದೆ.”

ಕಾಮಣ್ಣ ತಲೆಯಾಡಿಸಿದ. ದಾರಿಯಲ್ಲಿ ಯಾರೂ ಇಲ್ಲದಿದ್ದರೂ ಹಾರ್ನ್ ಹಾಕಿದ.

ಆ ಗಾಡಿಯ ನಾಲ್ಕೂ ಗಾಲಿಗಳು ಎಳೆಯುತ್ತವೆ ಎಂದು ಗುರುಪಾದ ಅಣ್ಣನಿಗೆ ಎಂದೂ ಹೇಳಲಿಲ್ಲ.